ಕೊಂಬೆ ಯಾರ ವ್ಯಾಪ್ತಿಗೆ

ನಮ್ಮ ಗಣರಾಜ್ಯದ ಇತಿಹಾಸದಲ್ಲಿ ೧೯೭೭ನೇ ಇಸವಿ ಹಲವು ಕಾರಣಗಳಿಗೆ ಮಹತ್ವದ್ದು. ಅಟ್ಟೂರಿನ ಮಟ್ಟಿಗೆ ಕಾರಣ ಒಂದೇ: ಗುಲ್‌ಮೊಹರ್ ಮರದ ಒಂದು ಕೊಂಬೆ.

ಮರದ ಬೇರು ಇದ್ದದ್ದು ತಂತಿಬೇಲಿ ಹಾಕಿದ ಕೇಂದ್ರ ಸರ್ಕಾರದ ಜಾಗದಲ್ಲಿ. ಕಾಂಡ ಬೇಲಿ ದಾಟಿ ರಾಜ್ಯದ ರಸ್ತೆಯ ಮೇಲೆ ವಾಲಿತ್ತು. ಬಿರುಕು ಬಿಟ್ಟ ಕೊಂಬೆ ಮಾತ್ರ ಪಂಚಾಯಿತಿ ವ್ಯಾಪ್ತಿಯಲ್ಲಿದ್ದ ಮುಸರ್ರತ್ ಅವರ ಹೆಂಚಿನ ಮನೆಯ ಮೇಲೆ ಚಾಚಿಕೊಂಡಿತ್ತು. ಆ ಹೆಂಚಿನ ಕೆಳಗೆ ಅವರ ಗಂಡ ಜಿಯಾವುಲ್ಲಾ ಪಾರ್ಶ್ವವಾಯು ಹೊಡೆದು ಎರಡು ವರ್ಷದಿಂದ ಮಲಗಿದ್ದರು. ಮನೆಯ ಗೋಡೆ ಕಟ್ಟಿದ್ದು ಅವರೇ. ಸತ್ತರೆ ಇಲ್ಲೇ ಸಾಯಬೇಕು ಅಂತ, ಮಾತು ಹೋಗುವ ಮುನ್ನ ಹೆಂಡತಿಗೆ ಹೇಳಿದ್ದರು.

ಅರ್ಜಿ ಬರೆದುಕೊಟ್ಟವರು ಬಿಜಾಪುರದ ಕಡೆಯ ಮುರಿಗೆಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಪೌರನೀತಿ ಹೇಳುತ್ತಿದ್ದವರು.

“ಸಂವಿಧಾನದಾಗ ಕೇಂದ್ರಕ್ಕ ಒಂದ್ ಪಟ್ಟಿ, ರಾಜ್ಯಕ್ಕ ಒಂದ್ ಪಟ್ಟಿ, ಇಬ್ಬರಿಗೂ ಕೂಡಿ ಮತ್ತೊಂದು. ಕಾಡು ಈ ವರ್ಷನ ಆ ಮೂರನೇ ಪಟ್ಟಿಗೆ ಹೋಗೈತ್ರಿ.”

“ಕಾಡು ಎಲ್ಲಾದ್ರೂ ಹೋಗ್ಲಿ ಮೇಷ್ಟ್ರೇ. ನಂದು ಒಂದೇ ಕೊಂಬೆ. ನಾವೇ ಕಡಿಸಿಬಿಟ್ರೆ?”

“ಕೇಸ್ ಹಾಕ್ತಾರ್ರೀ. ಮರ ಯಾರದು ಅಂತ ಆವಾಗ ಮೂರೂ ಮಂದಿಗೆ ನೆನಪಾಗತೈತಿ. ಮೂರೂ ಕಡೆ ಬರಿಯೂಣು.”

ಮೂರು ಅರ್ಜಿ ಹೋದವು. ಪ್ರತಿಯೊಂದರ ಕೊನೆಗೂ ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ, ಉಳಿದ ಎರಡು ಕಚೇರಿಗಳಿಗೂ ಪ್ರತಿ ಕಳಿಸಿದೆ ಎಂದು ನಮೂದಿಸಿದ್ದರು. ಸಂವಿಧಾನವನ್ನು ನಂಬಿದವರ ಕ್ರಮ ಅದು.

ಐದು ತಿಂಗಳ ಮೇಲೆ ಪಂಚಾಯಿತಿ ಗುಮಾಸ್ತ ಮುನಿವೆಂಕಟಯ್ಯ ಮೇಷ್ಟ್ರಿಗೆ ಫೈಲು ಬಿಚ್ಚಿ ತೋರಿಸಿದ.

“ಇಲ್ನೋಡಿ ಸ್ವಾಮಿ, ಅವ್ರಿಬ್ರಿಗೂ ಕಳ್ಸಿದೀನಿ ಅಂತ ನೀವೇ ಬರ್ದಿದೀರ. ದೊಡ್ಡೋರು ನೋಡ್ಕೊಂತಾರೆ ಅಂತ ನಾವು ಮಡಗ್ಬಿಟ್ವಿ.”

“ಅವರು?”

“ಅವ್ರೂ ಅಂಗೇ, ಮಿಕ್ಕೋರು ನೋಡ್ಕೊಂತಾರೆ ಅಂತ ಮಡಗವ್ರೆ. ಒಂದೇ ಕಡೆ ಕೊಟ್ಟಿದ್ರೆ ಯಾರೋ ಒಬ್ರು ಮಚ್ಚು ತಗೊಂಡು ಬಂದಿರೋರು.”

ಮೇಷ್ಟ್ರು ಬಂದು ಹೇಳಿದಾಗ ಮುಸರ್ರತ್ ಒಗೆದ ಬಟ್ಟೆ ಮಡಿಸುತ್ತಿದ್ದರು. ಮಡಿಸುವುದನ್ನು ನಿಲ್ಲಿಸಲಿಲ್ಲ.

“ಇನ್ನೊಂದು ಬರಿಲೇನ್ರಿ ಅಕ್ಕಾರ, ಒಬ್ಬರಿಗೇ?”

“ಬೇಡ ಮೇಷ್ಟ್ರೇ. ನಿನ್ನೆ ಗಾಳಿಗೆ ಬಿರುಕು ಇನ್ನೂ ಒಂದು ಗೇಣು ಬಂತು. ಯಶವಂತಪುರದ ಅಣ್ಣನಿಗೆ ಹೇಳಿ ಕಳಿಸಿದೀನಿ.”

ಮರುದಿನ ಬೆಳಗ್ಗೆ ಗಾಡಿ ಬಂತು. ಜಿಯಾವುಲ್ಲಾರನ್ನು ಮಂಚದ ಸಮೇತ ಹೊರಗೆ ತಂದು ಯಶವಂತಪುರಕ್ಕೆ ಸಾಗಿಸಿದರು. ದಾರಿಯುದ್ದಕ್ಕೂ ಅವರ ಕಣ್ಣು ತೆರೆದೇ ಇತ್ತು.

ಮುಂದಿನ ವರ್ಷದ ಮಾರ್ಚ್ ತಿಂಗಳಲ್ಲಿ ಅವರು ಹೆಂಡತಿಯ ಅಣ್ಣನ ಮನೆಯಲ್ಲಿ ತೀರಿಕೊಂಡರು. ಕೊಂಬೆ ಬಿದ್ದಿರಲಿಲ್ಲ.