ಮಗ್ಗಕ್ಕೊಂದು ಡ್ರೈವರ್

ಅವಳನ್ನು ಮನೆಯವರೆಲ್ಲ ಬುಗುರಿ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕೂತರೂ ಒಂದು ಕಾಲು ಎದ್ದು ಹೊರಡಲು ತಯಾರಾಗಿರುತ್ತಿತ್ತು. ಕೆಲಸದಲ್ಲೂ ಅದೇ ಕಥೆ. ಕುರ್ಚಿ ಬೆಚ್ಚಗಾಗುವ ಮೊದಲೇ ಬೇಸರ ಬಂದು ಬಿಟ್ಟುಬಿಡುವಳು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯಬಲ್ಲವಳಾದ್ದರಿಂದ ಇನ್ನೊಂದು ಕೆಲಸಕ್ಕೆ ಬರವಿರಲಿಲ್ಲ. ಈ ಸಲವೂ ಒಂದನ್ನು ಬಿಟ್ಟು, ಬೇರೆ ಊರಿನಲ್ಲಿ ಸಿಕ್ಕ ಇನ್ನೊಂದಕ್ಕೆ ಸೇರುವ ಮುಂಚೆ ನಾಲ್ಕು ದಿನ ಇರೋಣವೆಂದು ಅಕ್ಕನ ಮನೆಗೆ ಬಂದಿದ್ದಳು.

ಅಕ್ಕ ಭಾವ ಇರುವುದು ಮಹಡಿಯ ಮೇಲೆ. ಕೆಳಗೆ ಮಗ್ಗ. ಅಕ್ಕ ಅದರಲ್ಲಿ ಪರದೆ ಬಟ್ಟೆ ನೇಯುತ್ತಾಳೆ. ಅಡ್ಡಕ್ಕೆ ಹೊಕ್ಕಿನ ಎಳೆ ಹಾಯುವ ಪ್ರತಿ ಸಲವೂ ಉದ್ದಕ್ಕಿರುವ ಹಾಸಿನ ಯಾವ ಎಳೆಗಳನ್ನು ಎತ್ತಬೇಕೆಂದು ಹೇಳುವುದು ಕಂಪ್ಯೂಟರಿನೊಳಗೆ ಸಿಕ್ಕಿಸಿದ ಒಂದು ಹಳೆಯ ಕಾರ್ಡು. ಬುಗುರಿ ಬಂದ ವಾರವೇ ಆ ಕಂಪ್ಯೂಟರು ಕಣ್ಣು ಮುಚ್ಚಿತು. ಭಾವ ಹೊಸದನ್ನು ತಂದು ಕಾರ್ಡನ್ನು ಅದಕ್ಕೆ ಸಿಕ್ಕಿಸಿದರು. ಕಂಪ್ಯೂಟರು ಲಕಲಕ ಹೊಳೆಯಿತು. ಮಗ್ಗ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

“ಏನಂತಮ್ಮ ಇದರ ಗೋಳು?” ಎಂದರು ಭಾವ.

“ಡ್ರೈವರ್ ಇಲ್ಲ ಭಾವ.”

“ಅಷ್ಟೇನಾ? ಎದುರು ಮನೆಯವನು ವ್ಯಾನ್ ಓಡಿಸ್ತಾನೆ, ಕರೀಲಾ?”

ಅಕ್ಕ ನಗಲಿಲ್ಲ. ನಾಟಕಶಾಲೆಯೊಂದರ ಪರದೆ ಅರ್ಧ ನೇಯ್ದು ನಿಂತಿತ್ತು.

ಕರ್ನಲ್ ಆಡುವ ಮಾತನ್ನು ಕಾರ್ಡಿಗೆ ತಿಳಿಯುವಂತೆ ಮುಟ್ಟಿಸುವ ಪುಟ್ಟ ಪ್ರೋಗ್ರಾಂ ಈ ಡ್ರೈವರ್. ಕರ್ನಲ್ ಒಳಗೊಳಗೇ ಬದಲಾಗುತ್ತ ಹೋದಂತೆ ಡ್ರೈವರನ್ನೂ ಯಾರಾದರೂ ತಿದ್ದುತ್ತಿರಬೇಕು. ಈ ಕಾರ್ಡಿನದನ್ನು ಕೇಳುವವರೇ ಇಲ್ಲವೆಂದು ಕರ್ನಲ್ ನೋಡಿಕೊಳ್ಳುವವರು ಕಿತ್ತುಹಾಕಿದ್ದರು. ಹಳೆಯ ಕರ್ನಲ್ ಹಾಕೋಣವೆಂದರೆ ಹೊಸ ಕಂಪ್ಯೂಟರು ಅದಕ್ಕೆ ಒಗ್ಗಲಿಲ್ಲ.

“ನಾನು ಮಾಡ್ಕೊಡ್ತೀನಿ ಬಿಡು,” ಎಂದಳು ಬುಗುರಿ. “ಎರಡು ದಿನದ ಮಾತು.”

ಕಿತ್ತುಹಾಕಿದ್ದ ಹಳೆಯ ಕೋಡನ್ನು ಹುಡುಕಿ ತೆಗೆದು ತಿದ್ದಲು ಕೂತಳು. ಕೂತಳು ಎನ್ನುವುದು ಬರೀ ಹೆಸರಿಗೆ. ನಾಲ್ಕು ಸಾಲು ಬರೆದರೆ ಕಿಟಕಿಗೆ ಹೋಗಬೇಕು, ಇನ್ನೆರಡು ಬರೆದರೆ ನೀರು ಕುಡಿಯಬೇಕು. ಹೊಸ ಪದ್ಧತಿ ಗೊತ್ತಾಗದ ಕಡೆ ಬೇರೊಂದು ಡ್ರೈವರಿನಲ್ಲಿ ಹೇಗಿದೆ ನೋಡಿ ಹಾಗೇ ಎತ್ತಿ ಹಾಕಿದಳು. ಎರಡು ದಿನ ನಾಲ್ಕಾಯಿತು. ಕೊನೆಗೊಂದು ಬೆಳಗ್ಗೆ ಮಗ್ಗ ಧಡಕ್ಕೆಂದು ಎದ್ದು ಓಡತೊಡಗಿತು. ಕಡುನೀಲಿ ಬಟ್ಟೆಯ ಮೇಲೆ ಬೆಳ್ಳಿ ಬಣ್ಣದ ಬಳ್ಳಿ ಹಬ್ಬಿತು. ಭಾವ ಚಪ್ಪಾಳೆ ತಟ್ಟಿದರು. ಬುಗುರಿ ಆಗಲೇ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು.

ಮಧ್ಯಾಹ್ನ ಅಕ್ಕ ಕೆಳಗಿನಿಂದ ಕೂಗಿದಳು. “ಬಾರೇ ಇಲ್ಲಿ. ಬಳ್ಳಿ ಮುರಿದಿದೆ.”

ನಿಜವೇ. ನೆಟ್ಟಗೆ ಏರುತ್ತಿದ್ದ ಬಳ್ಳಿ ಒಂದು ಕಡೆ ಹಠಾತ್ತನೆ ಪಕ್ಕಕ್ಕೆ ಜಿಗಿದಿತ್ತು, ಎಲೆಯನ್ನು ಕತ್ತರಿಸಿ ಬೇರೆಲ್ಲೋ ಅಂಟಿಸಿದ ಹಾಗೆ. ಬುಗುರಿ ಅದೇನೋ ಬದಲಾಯಿಸಿದಳು. ಸರಿಹೋಯಿತೆಂದು ಹೊರಗೆ ಸುತ್ತಾಡಿ ಬಂದರೆ ಮತ್ತೆ ಮುರಿದಿತ್ತು. ಇನ್ನೇನೋ ತಿದ್ದಿದಳು. ಅವಳು ಎದುರಿಗೆ ನಿಂತಿರುವಷ್ಟು ಹೊತ್ತು ಮಗ್ಗ ಒಳ್ಳೆಯ ಕೂಸು. ಬೆನ್ನು ತಿರುಗಿಸಿದರೆ ಸಾಕು, ಬಳ್ಳಿ ಜಿಗಿಯುತ್ತಿತ್ತು. ಅಕ್ಕ ಪ್ರತಿ ಸಲವೂ ತಪ್ಪಿದ ಎಳೆಗಳನ್ನು ಒಂದೊಂದಾಗಿ ಬಿಚ್ಚಬೇಕು. ಅವಳ ಬೆರಳ ತುದಿ ಕೆಂಪಾಗಿತ್ತು.

ಇನ್ನೂ ಎರಡು ದಿನ ಹೀಗೇ ಕಳೆದು ಬುಗುರಿಯ ತಾಳ್ಮೆ ಹರಿಯಿತು. “ಎಲ್ಲಾದ್ರೂ ಹಳೇ ಕಂಪ್ಯೂಟರ್ ಸಿಗುತ್ತಾ ನೋಡ್ಕೊಳ್ಳಿ. ನಾನು ಹೊರಡಬೇಕು.”

ಅಕ್ಕ ತಲೆ ಎತ್ತದೆ ಎಳೆ ಬಿಚ್ಚುತ್ತಲೇ ಹೇಳಿದಳು. “ಹೊರಡು. ನೀನು ಹೊರಡದೆ ಇದ್ದಿದ್ದು ಯಾವತ್ತು? ಅರ್ಧಕ್ಕೆ ಬಿಡೋಳು ಮುಟ್ಟಬಾರದಿತ್ತು ಅಷ್ಟೆ.”

ಮಾತು ಚುರುಕ್ಕೆಂದಿತು. ಬುಗುರಿ ದಡದಡ ಮೇಲೆ ಹೋದಳು, ಬ್ಯಾಗಿನ ಜಿಪ್ಪು ಅರ್ಧ ಎಳೆದಳು, ಬಿಟ್ಟಳು, ಅಷ್ಟೇ ದಡದಡ ಕೆಳಗಿಳಿದು ಮಗ್ಗದ ಪಕ್ಕ ಸ್ಟೂಲು ಹಾಕಿಕೊಂಡಳು. ಕಾರ್ಡು ಏನು ಮಾಡಿದರೂ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಬರುವಂತೆ ಡ್ರೈವರನ್ನು ತಿದ್ದಿದಳು.

“ನೇಯಿ ನೀನು. ನಾನು ಏಳಲ್ಲ.”

ಏಳದಿರುವುದು ಸುಲಭವಾಗಿರಲಿಲ್ಲ. ಮೊಣಕಾಲು ತಾನೇ ಕುಣಿಯಿತು. ಬೆನ್ನಿನಲ್ಲಿ ಇರುವೆ ಹರಿದಂತಾಯಿತು. ಮಗ್ಗ ಸರಾಗವಾಗಿ ಓಡುತ್ತಿತ್ತು. ಅಷ್ಟರಲ್ಲಿ ಹಾಸಿನ ಎಳೆಯೊಂದು ತುಂಡಾಗಿ ಅಕ್ಕ ಮಗ್ಗ ನಿಲ್ಲಿಸಿದಳು. ಇಷ್ಟು ದಿನವೂ ಬುಗುರಿ ಎದ್ದು ಹೋಗುತ್ತಿದ್ದುದು ಸರಿಯಾಗಿ ಇದೇ ಹೊತ್ತಿಗೆ, ನಿಂತ ಮಗ್ಗದಲ್ಲಿ ನೋಡುವುದೇನಿದೆ ಎಂದು. ಈಗಲೂ ಕಾಲು ಬಾಗಿಲ ಕಡೆ ತಿರುಗಿತು. ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅಕ್ಕ ಬೆರಳು ಒದ್ದೆ ಮಾಡಿಕೊಂಡು, ಎಳೆ ಹೊಸೆದು, ಅವಸರವಿಲ್ಲದೆ ಗಂಟು ಹಾಕುತ್ತಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಮೂಡಿತು: ಕಾರ್ಡು ನಿದ್ದೆಗೆ ಜಾರಿದೆ.

ಅಕ್ಕ ಮಗ್ಗ ಶುರು ಮಾಡಿದಳು. ಬಳ್ಳಿ ಜಿಗಿಯಿತು.

“ನಿಲ್ಸು ಅಕ್ಕ! ಸಿಕ್ತು!”

ಕೆಲಸವಿಲ್ಲದೆ ಕೂತ ಕಾರ್ಡನ್ನು ಕರೆಂಟು ಉಳಿಸಲೆಂದು ಮಲಗಿಸುವುದು ಹೊಸ ಪದ್ಧತಿ. ಬೇರೆ ಡ್ರೈವರಿನಿಂದ ಎತ್ತಿ ಹಾಕಿದಾಗ ಆ ಸಾಲೂ ಜೊತೆಗೆ ಬಂದುಬಿಟ್ಟಿತ್ತು. ಈ ಕಾರ್ಡೋ, ಎದ್ದ ಮೇಲೆ ಬಳ್ಳಿಯ ಚಿತ್ತಾರದಲ್ಲಿ ತಾನು ಎಲ್ಲಿದ್ದೆ ಎಂಬುದನ್ನೇ ಮರೆಯುತ್ತಿತ್ತು.

“ನಾನೇ ಮಧ್ಯಾಹ್ನ ಕಣ್ಣು ಮುಚ್ಚಲ್ಲ,” ಎಂದಳು ಅಕ್ಕ. “ಇದಕ್ಕೆ ನಿದ್ದೆ ಬೇಕಂತಾ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಡು ಮಲಗುವ ಮುನ್ನ ಇದ್ದ ಜಾಗವನ್ನು ಡ್ರೈವರೇ ನೆನಪಿಟ್ಟು, ಎದ್ದ ಕೂಡಲೇ ಅದಕ್ಕೆ ಹೇಳುವಂತೆ ಬುಗುರಿ ಬರೆದಳು. ಆಮೇಲೆ ಬೇಕೆಂದೇ ಮಗ್ಗ ನಿಲ್ಲಿಸಿ, ಕಾದು, ಓಡಿಸಿ ನೋಡಿದರು. ಬಳ್ಳಿ ಮುರಿಯಲಿಲ್ಲ. ಆ ವಾರವೇ ಪರದೆ ಮುಗಿಯಿತು.

ಕೆಲಸಕ್ಕೆ ಸೇರುವ ದಿನವನ್ನು ಮುಂದೆ ಹಾಕಿಸಿಕೊಂಡಿದ್ದಳು. ಪರದೆ ಮುಗಿದರೂ ಕರ್ನಲ್ ಮುಂದಿನ ಸಲ ಬದಲಾದಾಗ ಮತ್ತೆ ಇದೇ ಪಾಡು. ಡ್ರೈವರನ್ನು ಮರಳಿ ಸೇರಿಸಿಕೊಳ್ಳಿ ಎಂದು ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿದಳು. ಅವರಲ್ಲಿ ಇಂಥ ಡ್ರೈವರುಗಳ ವಿಭಾಗದ ಹಿರಿಯರು ಮಾತಿನಲ್ಲಿ ಬಹಳ ಜಿಪುಣರು. ಎರಡು ತಿದ್ದುಪಡಿ ಹೇಳಿ ಕೆಳಗೆ ಬರೆದಿದ್ದರು: “ಕೋಡು ಚೆನ್ನಾಗಿದೆ. ಇದನ್ನು ತೆಗೆದದ್ದು ನೋಡಿಕೊಳ್ಳುವವರು ಇಲ್ಲವೆಂದು. ಇನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ? ಒಂದು ಹೆಸರು ಬೇಕು.”

ಬುಗುರಿ ಮಗ್ಗದ ಮನೆಯ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಹೆಸರು ಹಾಕಿದರೆ ಪ್ರತಿ ಬದಲಾವಣೆಗೂ ಕಾದು ಕೂರಬೇಕು, ಕಂಡು ಕೇಳದವರ ದೂರಿಗೂ ಉತ್ತರಿಸಬೇಕು.

“ಇನ್ನೂ ಕೋಪಾನಾ ಅಕ್ಕ?”

“ಇತ್ತು. ಪರದೆ ಜೊತೆ ಅದೂ ಮುಗೀತು.”

“ಹೆಸರು ಹಾಕಿ, ಆಮೇಲೆ ಬೇಜಾರಾದ್ರೆ?”

“ಬೇಜಾರಾಯ್ತು ಅಂತ ಹೇಳಿ ಬಿಡು. ಹೇಳದೆ ಹೋಗಬೇಡ, ಅಷ್ಟೇ.”

ಭಾವ ಎಲ್ಲೆಲ್ಲೋ ಹುಡುಕಿ ಅಂಥದೇ ಇನ್ನೊಂದು ಕಾರ್ಡು ತಂದರು, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ. “ಪರೀಕ್ಷೆ ಮಾಡೋಕೆ ಬೇಕಾಗುತ್ತಲ್ಲಮ್ಮ. ಇಟ್ಕೋ.”

ಅವಳು ಹೆಸರು ಬರೆದು ಕಳಿಸಿದಳು. ಕಳಿಸಿದ ಮೇಲೆ ವಾಪಸು ಪಡೆಯೋಣವೇ ಎಂದು ಎರಡು ಸಲ ಯೋಚಿಸಿದಳು, ಪಡೆಯಲಿಲ್ಲ.

ಹೊಸ ಊರಿನ ಹೊಸ ಕೆಲಸ ಕೆಲವೇ ತಿಂಗಳಲ್ಲಿ ಬೇಸರ ಹಿಡಿಸತೊಡಗಿತು. ಒಂದು ಬೆಳಗ್ಗೆ ಬಸ್ಸಿನಲ್ಲಿ ಹೋಗುವಾಗ ಮೇಲ್ ಬಂತು. ಯಾರೋ ಗುರುತಿಲ್ಲದ ನೇಕಾರ. ತನ್ನ ಕಾರ್ಡು ಸ್ವಲ್ಪ ಬೇರೆ ಮಾದರಿಯದು, ಮಗ್ಗ ಏಳುತ್ತಿಲ್ಲ, ನಿಮ್ಮ ಹೆಸರು ಕಂಡು ಬರೆಯುತ್ತಿದ್ದೇನೆ ಎಂದಿದ್ದ. ಅವಳು ಮುಂದಿನ ನಿಲ್ದಾಣದಲ್ಲಿ ಇಳಿದು, ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಕಂಪ್ಯೂಟರಿನ ಪರದೆಯ ಮೇಲೆ ಏನು ಬರುತ್ತದೆ ಎಂದು ಕೇಳಿ ಬರೆದಳು. ಅವನು ತಕ್ಷಣ ಉತ್ತರಿಸಿದ. ಅವಳು ಇನ್ನೊಂದು ಕೇಳಿದಳು. ಆ ದಿನ ಆಫೀಸಿಗೆ ತಡವಾಗಿಯೇ ಹೋದಳು.