ಬಳಪದ ಕಲ್ಲಿನ ಪುಡಿ

ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಏಕಾಂತಯ್ಯನ ಮನೆ. ಅಂಗಳದಲ್ಲೇ ಕೆತ್ತನೆಯ ಚಪ್ಪರ. ಬಳಪದ ಕಲ್ಲಿನಲ್ಲಿ ಗಣಪತಿ, ನಂದಿ, ಆನೆಗಳನ್ನು ಕೆತ್ತಿ ಅಂಗಡಿಗಳಿಗೆ ಕೊಡುವುದು ಅವನ ಕಸುಬು. ಬರೀ ಉಳಿಯಲ್ಲಿ ಕೆತ್ತುವಾಗ ಚಕ್ಕೆ ಬೀಳುತ್ತಿತ್ತು. ಕರೆಂಟಿನ ಮಿಷನ್ನು ಬಂದ ಮೇಲೆ ಹಿಟ್ಟಿನಂಥ ಧೂಳು ಏಳತೊಡಗಿತು. ಅದು ಅನ್ನದ ತಟ್ಟೆಗೆ ಇಳಿಯಿತು, ಹಾಸಿಗೆಗೆ ಇಳಿಯಿತು, ಹೆಂಡತಿ ಮುತ್ತಮ್ಮನ ಎದೆಗೂ ಇಳಿಯಿತು. ಕೆಮ್ಮು ಉಬ್ಬಸವಾಯಿತು. ಧೂಳಿನಿಂದ ದೂರವಿರಬೇಕೆಂದು ಡಾಕ್ಟರು ಹೇಳಿದಾಗ ಅವಳ ಅಣ್ಣ ಬಂದು ಕಣಕಟ್ಟೆಗೆ ಕರೆದುಕೊಂಡು ಹೋದ.

ಮುನಿಸಿರಲಿಲ್ಲ, ಜಗಳವಿರಲಿಲ್ಲ. ಜಗಳವಾಗಿದ್ದರೆ ಹೋಗಿ ಸಮಾಧಾನ ಮಾಡಬಹುದಿತ್ತು. ಒಬ್ಬನೇ ಮುದ್ದೆ ತಿರುವುತ್ತಾ ಏಕಾಂತಯ್ಯ ಕೋಲು ಹಿಡಿದು ಹಾಗೇ ನಿಂತುಬಿಡುತ್ತಿದ್ದ. ಫೋನಿನಲ್ಲಿ ಅವಳ ಮಾತಿಗಿಂತ ಉಸಿರಿನ ಸದ್ದನ್ನೇ ಕಿವಿಗೊಟ್ಟು ಕೇಳುತ್ತಿದ್ದ. ಕೆತ್ತನೆ ಬಿಟ್ಟರೆ ಅವನಿಗೆ ಬೇರೆ ಕೆಲಸ ಬಾರದು. ಹಿತ್ತಲಲ್ಲಿ ಪುಡಿಯ ಗುಡ್ಡೆ ಬೆಳೆಯುತ್ತಲೇ ಇತ್ತು.

ಒಂದು ದಿನ ಅರಸೀಕೆರೆಯಿಂದ ಹೇಮಾಶ್ರೀ ಎಂಬ ಹೆಂಗಸು ಬಂದಳು. ಹಳೇ ಪ್ಲಾಸ್ಟಿಕ್ ಕರಗಿಸಿ ತೆಂಗಿನಕಾಯಿ ತುಂಬುವ ಕ್ರೇಟು ಮಾಡುವ ಸಣ್ಣ ಕಾರ್ಖಾನೆ ಅವಳದು.

"ಯಜಮಾನ್ರೇ, ಈ ಪುಡೀನ ಏನ್ ಮಾಡ್ತೀರಾ?"

"ಏನ್ ಮಾಡಾದವ್ವ, ಗಾಳಿ ಬಂದಾಗ ಊರಿಗೆಲ್ಲಾ ಹಂಚ್ತೈತೆ."

ಅವಳು ನಗಲಿಲ್ಲ. "ಬರೀ ಪ್ಲಾಸ್ಟಿಕ್ ಆದ್ರೆ ಕ್ರೇಟು ಭಾರಕ್ಕೆ ಬಾಗುತ್ತೆ. ನುಣ್ಣಗಿರೋ ಕಲ್ಲಿನ ಪುಡಿ ಬೆರೆಸಿದ್ರೆ ಬಿಗಿಯಾಗಿ ನಿಲ್ಲುತ್ತೆ. ಇದನ್ನ ಒಂದ್ಸಲ ಹಾಕಿ ನೋಡೋಣ ಅಂತ."

ಮೊದಲ ಸಲ ಕೆಟ್ಟಿತು. ಪುಡಿಯಲ್ಲಿ ತೇವವಿದ್ದು ಕ್ರೇಟಿನ ತುಂಬ ಗುಳ್ಳೆ ಎದ್ದವು. ಸುದ್ದಿ ಕೇಳಿ ಏಕಾಂತಯ್ಯ ಹಿತ್ತಲಿಗೆ ಹೋಗಿ ಗುಡ್ಡೆಯನ್ನೇ ನೋಡುತ್ತಾ ನಿಂತ. ಗುಡ್ಡೆ ಹೋದರೆ ಮುತ್ತಮ್ಮ ಬರುತ್ತಾಳೆಂದು ಮನಸ್ಸಿನಲ್ಲೇ ನಂಬಿಕೊಂಡಿದ್ದ. ಹೇಮಾಶ್ರೀ ಮಾತ್ರ ಬಿಡಲಿಲ್ಲ. ಪುಡಿಯನ್ನು ಕಾರ್ಖಾನೆಯಲ್ಲಿ ಕಾಯಿಸಿ, ಒಣಗಿಸಿ, ಜರಡಿ ಹಿಡಿಸಿ ಮತ್ತೆ ಬೆರೆಸಿದಳು. ಅವನನ್ನೂ ಕರೆಸಿದಳು. ಬೂದುಬಣ್ಣದ ಕ್ರೇಟನ್ನು ಬೋರಲು ಹಾಕಿ, "ಹತ್ತಿ ನಿಂತ್ಕೊಳ್ಳಿ" ಅಂದಳು. ಅವನು ಚಪ್ಪಲಿ ಬಿಟ್ಟು ಹತ್ತಿದ. ಅದು ಜಗ್ಗಲಿಲ್ಲ. ಅವನ ಕಣ್ಣು ತುಂಬಿಬಂದವು. ಅವಳಿಗೆ ಕಾರಣ ತಿಳಿಯಲಿಲ್ಲ.

ಗುಡ್ಡೆ ಟ್ರ್ಯಾಕ್ಟರ್ ಹತ್ತಿ ಹೋಯಿತು. ಏಕಾಂತಯ್ಯ ಚಪ್ಪರವನ್ನು ಮನೆ ಹಿಂದಿನ ತನ್ನ ಹೊಲದ ಆಚೆ ತುದಿಗೆ ಸಾಗಿಸಿದ. ಧೂಳು ಏಳದಿರಲೆಂದು ಮಿಷನ್ನಿನ ಬ್ಲೇಡಿಗೆ ನೀರು ಹನಿಯುವ ಹಾಗೆ ಪೈಪು ಕಟ್ಟಿದ. ಮನೆಯ ಗೋಡೆ, ಜಂತೆ ಎಲ್ಲ ತೊಳೆದು ಕಣಕಟ್ಟೆಯ ಬಸ್ಸು ಹತ್ತಿದ.

ಮುತ್ತಮ್ಮ ಅಣ್ಣನ ತೋಟದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಗುಡ್ಡೆ ಹೋಯ್ತು ಕಣೇ. ಬಾ."

"ಗುಡ್ಡೆ ಹೋಯ್ತು. ನೀವು ಕೆತ್ತಾದು ಬಿಟ್ರಾ?"

"ಅದ ಬಿಟ್ಟು ನಾನೇನ್ ಮಾಡ್ಲಿ?"

"ಬಿಡಿ ಅಂತ ನಾನೆಲ್ಲಂದೆ? ಎದೆಗೆ ಭಯ ಐತೆ, ಅಷ್ಟೇಯ."

ಆದರೂ ಬಂದಳು. ಗೋಡೆಯ ಗೂಡಿನಲ್ಲಿ ಬೆರಳಾಡಿಸಿ, ಧೂಳು ಅಂಟದ ಬೆರಳು ನೋಡಿಕೊಂಡು ನಕ್ಕಳು. ಅವಳ ಕೈಯ ಸಾರಿನ ಘಮ ಮನೆಯಲ್ಲಿ ಎದ್ದಾಗ ಏಕಾಂತಯ್ಯ ಸುಮ್ಮಸುಮ್ಮನೆ ಒಳಗೂ ಹೊರಗೂ ಓಡಾಡಿದ. ಕೆಲವು ದಿನ ಉಸಿರು ಸಲೀಸಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಹೊಲದ ಕಡೆಯಿಂದ ಚಪ್ಪರದ ಧೂಳು ಹೊತ್ತು ಒಣಗಾಳಿ ಬೀಸಿತು. ಮುತ್ತಮ್ಮ ಕೆಮ್ಮುತ್ತಾ ಬಾಗಿಲ ಬಳಿ ಕುಳಿತುಬಿಟ್ಟಳು.

ಮಾರನೇ ದಿನ ಮತ್ತೆ ಕಣಕಟ್ಟೆಯ ಬಸ್ಸಿಗೆ ಕಾಯುತ್ತಾ ಅವಳೇ ಅವನ ತೋಳು ಮುಟ್ಟಿ ಹೇಳಿದಳು: "ಮಳೆ ಹಿಡೀಲಿ, ಧೂಳು ಅಡಗ್ತದೆ. ಆಗ ಬತ್ತೀನಿ, ಬಂದು ಇಲ್ಲೇ ಇರ್ತೀನಿ."

ಮಳೆಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ಬಸ್ಸು ಕಣ್ಮರೆಯಾದ ಮೇಲೆ ಏಕಾಂತಯ್ಯ ಮನೆಗೆ ಬಂದು, ಕೊಳಾಯಿಗೆ ಪೈಪು ಸಿಕ್ಕಿಸಿ, ಹೊಲದ ತುದಿಯವರೆಗೂ ಎಳೆದುಕೊಂಡು ಹೋಗಿ, ಚಪ್ಪರದ ಸುತ್ತಲ ಒಣನೆಲವನ್ನು ನೆನೆಸತೊಡಗಿದ.