ತಮ್ಮನ ಗೋಡೆಗೆ ತಾಗಿದ ಶೆಡ್ಡು

ಮುಂದೆ ನಿಂತವನ ಕತ್ತಿನ ಮೇಲೆ ಕತ್ತರಿಸಿದ ಕೂದಲ ಚೂರು ಇನ್ನೂ ಅಂಟಿಕೊಂಡಿದೆ, ಕಟ್ಟಡದ ಪರವಾನಗಿ ಕೇಳೋಕೆ ಕ್ಷೌರ ಮಾಡಿಸ್ಕೊಂಡು ಬರಬೇಕು ಅಂತ ಇವನಿಗೆ ಯಾರು ಹೇಳಿಕೊಟ್ಟರೋ, ತಮ್ಮನೂ ಹೀಗೇ ಬಂದಿರಬೇಕು, ಇಸ್ತ್ರಿ ಅಂಗಿ, ಜೇಬಿಗೆ ಪೆನ್ನು, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ — ಎಂಟು ದಿನ, ಎಂಟೇ ದಿನಕ್ಕೆ ಅವನ ಹಿತ್ತಲ ಶೆಡ್ಡಿಗೆ ಪರವಾನಗಿ ಸಿಕ್ಕಿತು, ತನಗಿದು ಐದನೇ ತಿಂಗಳು, ಒಮ್ಮೆ ಅಳತೆ ಬರೆದಿಲ್ಲ ಅಂತ ವಾಪಸ್ಸು, ಒಮ್ಮೆ ಛಾವಣಿಯ ಎತ್ತರ ಇಲ್ಲ ಅಂತ, ಒಮ್ಮೆ ಗುಮಾಸ್ತೆಯೇ ರಜೆ. ಗೇಟು ಬೆಸೆಯೋ ತನ್ನ ಅಂಗಿಯ ತೋಳಿನ ತುಂಬ ಕಿಡಿ ಬಿದ್ದ ತೂತು, ಅವನ್ನು ಮಡಚಿ ಒಳಗೆ ಸೇರಿಸಿಕೊಂಡು ನಿಂತಿದ್ದಾನೆ, ಕಿಂಡಿಯಾಚೆ ಮೊಹರು ಧಪ್ ಧಪ್ ಅಂತ ಬೀಳುತ್ತಿದೆ, ಎಲ್ಲರ ಕಾಗದಕ್ಕೂ ಬೀಳುತ್ತೆ, ತನ್ನ ಸರದಿ ಬಂದಾಗಷ್ಟೇ ಆಕೆಗೆ ಚಹಾದ ನೆನಪಾಗೋದು. ಅಷ್ಟಕ್ಕೂ ತಮ್ಮನಂಥ ಲೆಕ್ಕದ ಮೇಷ್ಟ್ರಿಗೆ ಶೆಡ್ಡು ಯಾಕೆ, ಒಳಗಿರೋದೇನು ಮಹಾ, ಗಾಳಿಯಿಲ್ಲದ ಸೈಕಲ್ಲು, ಒಡೆದ ಹೂಕುಂಡ, ನಿಂತಲ್ಲೇ ನಡೆಯೋಕೆ ಅಂತ ತಂದ ಒಂದು ಯಂತ್ರ, ಅದರ ಮೇಲೆ ನಡೆದಿದ್ದು ಒಣಹಾಕಿದ ಟವೆಲ್ಲುಗಳು ಮಾತ್ರ. ತನಗೋ ಅದು ಅನ್ನದ ಮಾತು, ವರ್ಕ್‌ಶಾಪಿನ ಧಣಿ ಬಾಗಿಲು ಹಾಕ್ತಿದ್ದಾನೆ, ಬೆಸುಗೆ ಯಂತ್ರ ನೀನೇ ಇಟ್ಕೊಳ್ಳಯ್ಯ, ತಿಂಗಳ ಕೊನೆಯೊಳಗೆ ಒಂದು ಸೂರು ಮಾಡ್ಕೋ, ಇಲ್ಲಾಂದ್ರೆ ಬೇರೆಯವನು ಕಾದಿದ್ದಾನೆ ಅಂದ, ತಿಂಗಳಿಗೆ ಉಳಿದಿರೋದು ಒಂಬತ್ತು ದಿನ, ಬಯಲಲ್ಲಿ ಬೆಸೆದರೆ ಕಣ್ಣಿಗೆ ಬೆಳಕು ಹೊಡೆಯುತ್ತೆ ಅಂತ ಓಣಿಯೆಲ್ಲ ದೂರು ಹೊತ್ತು ಬರುತ್ತೆ.

ಹೆಸರಿಗೆ ತಾನು ಅಣ್ಣ. ಅಪ್ಪನ ಜಾಗ ಎರಡು ಪಾಲಾಯಿತು, ಮನೆ ಎರಡಾಯಿತು, ಅಮ್ಮ ಮಾತ್ರ ಒಬ್ಬಳೇ, ಮಲಗೋದು ಇಲ್ಲಿ, ಮಾತೆಲ್ಲ ಅಲ್ಲಿ. ಏಳನೇ ತರಗತಿಯಲ್ಲಿ ಮೇಷ್ಟ್ರ ಮೇಲೆ ಡಸ್ಟರ್ ಎಸೆದು ಹೊರಗೆ ಬಂದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ, ತಮ್ಮ ಹತ್ತಿದ, ಹತ್ತುತ್ತಲೇ ಹೋದ, ಈಗ ಡಸ್ಟರ್ ಅವನ ಕೈಯಲ್ಲೇ ಇದೆ. ಶೆಡ್ಡು ಕಟ್ಟೋಕೆ ಮುಂಚೆ ತಮ್ಮ ಹೊಸ್ತಿಲಲ್ಲಿ ನಿಂತು, ಅಣ್ಣಾ, ಪಕ್ಕದ ಮನೆಯವರ ಒಪ್ಪಿಗೆ ಪತ್ರ ಬೇಕಂತೆ, ಒಂದು ಸಹಿ ಹಾಕು ಅಂದ, ಇಡು, ನೋಡೋಣ ಅಂತ ತಾನು ಅದನ್ನು ಬೆಸುಗೆ ಕಡ್ಡಿಯ ಡಬ್ಬದ ಕೆಳಗೆ ಇಟ್ಟ, ಇಪ್ಪತ್ತು ದಿನ ಇಟ್ಟ, ತಮ್ಮ ದಿನಾ ಸಂಜೆ ಬರುತ್ತಿದ್ದ, ಪತ್ರದ ಸುದ್ದಿ ಎತ್ತುತ್ತಿರಲಿಲ್ಲ, ಸೆಕೆ ಜಾಸ್ತಿ ಅಲ್ವಾಣ್ಣ ಅಂತ ಹೇಳಿ ಹೋಗುತ್ತಿದ್ದ, ಬೈದಿದ್ದರೆ ಸಾಕಿತ್ತು, ಒಂದು ಸಲ ಕಾಲರ್ ಹಿಡಿದಿದ್ದರೆ ಎಷ್ಟು ಹಗುರಾಗುತ್ತಿತ್ತು, ಆಮೇಲೆ ಅಮ್ಮ, ಸಹಿ ಹಾಕೋಕೆ ಕೈಗೇನು ಹುಣ್ಣಾಗಿದೆಯೇನೋ ಅಂದಳು, ತಾನು ಒತ್ತಿ ಹಾಕಿದ ಸಹಿಗೆ ಕಾಗದ ಹರಿಯಿತು. ಆ ಹರಿದ ಕಾಗದ ಹಿಡಿದು ಹೋಗಿ ತಮ್ಮ ಎಂಟು ದಿನದಲ್ಲಿ ಗೆದ್ದು ಬಂದ. ಮೇಲೆ ಉಪಕಾರ ಬೇರೆ, ನಿನ್ನ ಶೆಡ್ಡಿನ ನಕ್ಷೆ ನಾನು ಬರೆದುಕೊಡ್ಲಾ ಅಣ್ಣಾ, ಬೇಡ ಕಣೋ, ಇಡೀ ಗೇಟಿನ ಅಳತೆ ಬಾಯಲ್ಲೇ ಹೇಳೋನು ನಾನು, ನಿನ್ನ ಸ್ಕೇಲು ನೀನೇ ಇಟ್ಕೋ — ತಾನೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೇಟಿನ ಹಾಗೇ ಬರೆದ, ಅದನ್ನೇ ನೋಡಿ ಕಾಗದಕ್ಕೆ ಇಳಿಸಿದ.

ಕತ್ತಿನ ಕೂದಲಿನವನು ಧಪ್ ಅನ್ನಿಸಿಕೊಂಡು ಹೋದ. ಕಿಂಡಿಯಲ್ಲಿ ಈಗ ತನ್ನ ಮುಖ. ಗುಮಾಸ್ತೆ ಕಡತ ಬಿಚ್ಚಿದಳು, ಏನ್ರೀ ಇದು, ಪಕ್ಕದ ಮನೆ ಗೋಡೆಗೇ ತಾಗಿಸಿದೀರಲ್ಲ, ಮೂರಡಿ ಬಿಡಬೇಕು ಅಂತ ಗೊತ್ತಿಲ್ವಾ, ಇಲ್ಲ ಮೇಡಂ, ನಾನು ಬರೆದಿರೋದು ಓಣಿ ಕಡೆಗೆ, ಕಬ್ಬಿಣ ಓಣಿಯಿಂದ ಒಳಗೆ ಬರಬೇಕು, ಎಲ್ಲಿದೇರಿ ಓಣಿ, ನೀವೇ ತೋರಿಸಿ. ತೋರಿಸಲು ಹೋದ ಬೆರಳು ತಮ್ಮನ ಗೋಡೆಯ ಮೇಲೆ ನಿಂತಿತು. ಎಡ ಬಲಕ್ಕೆ ಬಂದಿದೆ, ಬಲ ಎಡಕ್ಕೆ. ಗೇಟನ್ನು ಮುಖ ಕೆಳಗೆ ಮಾಡಿ ಮಲಗಿಸಿ ಬೆನ್ನಿನ ಕಡೆಯಿಂದ ಬೆಸೆಯೋದು, ಬೆಸುಗೆಯ ಗಂಟು ಬೀದಿಗೆ ಕಾಣಬಾರದಲ್ಲ, ಹದಿಮೂರು ವರ್ಷ ಹಾಗೇ ಬೆಸೆದ ಕೈ, ಹಿತ್ತಲನ್ನೂ ಬೆನ್ನಿನ ಕಡೆಯಿಂದಲೇ ಬರೆದುಬಿಟ್ಟಿದೆ. ಗಾಬರಿ ಬೀಳಬೇಡಿ ಅಂದಳು ಗುಮಾಸ್ತೆ, ಹೋದ ವಾರ ಪಕ್ಕದವರಿಗೆ ನೋಟೀಸು ಕಳಿಸಿದ್ವಿ, ಮಾರನೇ ದಿನವೇ ಬಂದು ಒಪ್ಪಿಗೆ ಕೊಟ್ಟು ಹೋದರು, ಒಳ್ಳೇ ಮನುಷ್ಯ. ಮಾರನೇ ದಿನವೇ. ಹಾಳೆ ತಿರುವಿದಳು, ತಮ್ಮನ ದುಂಡು ಅಕ್ಷರ, ನನ್ನ ಅಣ್ಣನವರು ನನ್ನ ಗೋಡೆಗೆ ತಾಗಿ ಶೆಡ್ಡು ಕಟ್ಟಲು ನನ್ನದೇನೂ ತಕರಾರಿಲ್ಲ, ಕೆಳಗೆ ನಕ್ಷೆಯ ಮೇಲೆ, ಸ್ಕೇಲಿಟ್ಟು ಎಳೆದ ಪುಟ್ಟ ಚೌಕ, ಅವನ ಅಡುಗೆಮನೆಯ ಕಿಟಕಿ, ಅದರ ಮೇಲೆ ಅಡ್ಡಡ್ಡ ಎರಡು ಗೆರೆ, ಪಕ್ಕದಲ್ಲಿ ಚಿಕ್ಕದಾಗಿ, ಮುಚ್ಚಲಾಗುವುದು.

ಇಲ್ಲೂ ಗೆದ್ದ ನನ್ಮಗ. ಒಂದು ವಾರದಿಂದ ಎದುರುಬದುರು ಓಡಾಡ್ತಿದ್ದಾನೆ, ತುಟಿ ಬಿಚ್ಚಿಲ್ಲ, ಸೆಕೆ ಜಾಸ್ತಿ ಅಲ್ವಾಣ್ಣ, ಅಷ್ಟೇ. ಅವನೂ ಇಪ್ಪತ್ತು ದಿನ ಸತಾಯಿಸಿದ್ದರೆ ಇಬ್ಬರೂ ಒಂದೇ ಹೊಟ್ಟೆಯವರು ಅನ್ನಿಸುತ್ತಿತ್ತು, ತಾನಾಗಿದ್ದರೆ ಕಿಟಕಿಯಿರಲಿ, ಗೋಡೆಯ ಮೊಳೆಯನ್ನೂ ಬಿಟ್ಟುಕೊಡುತ್ತಿರಲಿಲ್ಲ, ಅದು ಅವನಿಗೂ ಗೊತ್ತು, ಗೊತ್ತಿದ್ದೇ ಬರೆದ, ದೊಡ್ಡವನಾಗೋ ಚಟ. ಹೀಗೇ ಸಾಕು ಅಂದ್ರೆ ಸಹಿ ಹಾಕಿ, ಈಗಲೇ ಮೊಹರು ಒತ್ತಿ ಕೊಡ್ತೀನಿ, ತಿದ್ದಬೇಕು ಅಂದ್ರೆ ಹೊಸ ಅರ್ಜಿ, ಎಲ್ಲ ಮೊದಲಿಂದ ಅಂದಳು ಗುಮಾಸ್ತೆ. ಒಂಬತ್ತು ದಿನ. ಮುಚ್ಚಲಿ, ಅವನೇ ಮುಚ್ತೀನಿ ಅಂದಿದ್ದಾನೆ, ತಾನೇನು ಕೇಳಿದ್ನಾ, ಮುಚ್ಚಿದರೆ ಅವರ ಮನೆಯ ನಗು ಇತ್ತ ಬೀಳೋದೂ ನಿಲ್ಲುತ್ತೆ — ಸಂಜೆ ಆ ಕಿಟಕಿಯ ಬೆಳಕು ಹಿತ್ತಲಿಗೆ ಬೀಳುತ್ತೆ, ಒಳಗೆ ಅಮ್ಮ ಏನೋ ಹೇಳ್ತಾಳೆ, ಅವಳು ಇಲ್ಲಿ ಹೇಳದ ಮಾತು, ತಮ್ಮನ ಹೆಂಡತಿ ನಗುತ್ತಾ ತೊಳೆದ ಲೋಟ ತಂದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕ್ತಾಳೆ, ಮುಖ ಕಾಣೋದಿಲ್ಲ, ಒದ್ದೆ ಕೈಯಷ್ಟೇ, ಒಂದು ಲೋಟ, ಇನ್ನೊಂದು ಲೋಟ, ಹಿತ್ತಲ ಕಲ್ಲಿನ ಮೇಲೆ ಕೂತು ದಿನಾ ಎಣಿಸೋನು ತಾನೇ, ನಾಲ್ಕು, ಒಂದು ದಿನ ತಪ್ಪಿಸಿಲ್ಲ.

ಏನಪ್ಪಾ, ನಿಂತಲ್ಲೇ ನಿದ್ದೆಯಾ, ಹಿಂದಿನಿಂದ ಯಾರೋ. ಸಹಿ ಹಾಕಿದ, ಈ ಸಲ ಕಾಗದ ಹರಿಯಲಿಲ್ಲ, ಧಪ್, ಎಷ್ಟು ಸಣ್ಣ ಸದ್ದು, ತಗೊಳ್ಳಿ, ಕಟ್ಟಿ. ಕಟ್ತಾನೆ, ನಾಳೆಯೇ ಗುಂಡಿ ತೋಡ್ತಾನೆ, ನಾಲ್ಕು ಕಂಬ, ಮೇಲೆ ತಗಡು, ಯಂತ್ರ ಆ ಮೂಲೆಗೆ, ಕಬ್ಬಿಣದ ಸಲಾಕೆಗಳನ್ನು ಒರಗಿಸೋದು ಈ ಕಡೆ ಗೋಡೆಗೆ, ಈ ಕಡೆ ಅಂದರೆ ಆ ಕಿಟಕಿ ಇರೋ ಕಡೆ, ಎದೆ ಎತ್ತರಕ್ಕೆ, ಅಲ್ಲಿ ಒದ್ದೆ ಕೈ ಬರುತ್ತೆ, ಲೋಟ ಹಿಡಿದುಕೊಂಡು ಬರುತ್ತೆ, ಬೇಡ, ಯಂತ್ರದ ಯೋಚನೆ ಮಾಡು, ಯಂತ್ರ ಆ ಮೂಲೆಗೆ, ಸಲಾಕೆ ಈ ಗೋಡೆಗೆ — ಕೈ ಬರುತ್ತೆ, ಕಟ್ಟೆ ಹುಡುಕುತ್ತೆ, ಕಿಟಕಿ ಮುಚ್ಚಿದ ಹೊಸ ಇಟ್ಟಿಗೆಗೆ ಲೋಟ ತಾಗುತ್ತೆ, ನೀರು ಇಳಿಯುತ್ತೆ, ಕೈ ಅಲ್ಲೇ ನಿಲ್ಲುತ್ತೆ.